ಜೈಲು, ಬೇಲು, ವೋಟು: ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆಗಳು ಶುರುವಾಗುತ್ತವೆ. ಅವನ ಮೇಲೆ ಕೇಸಿದೆ, ಅವನಿಗೆ ವೋಟಿದೆಯಾ? ಇವರು ಜೈಲಿಗೆ ಹೋಗಿ ಬಂದವರು, ಮತ್ತೆ ಹೇಗೆ ನಿಂತರು? ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಸಲೀಸಾಗುತ್ತದೆ. ವೋಟು ಹಾಕುವ ವಿಷಯ ಬಂದಾಗ ನಮ್ಮ ಕಾನೂನು ಬಹುಮಟ್ಟಿಗೆ ನೋಡುವುದು ನೀವು ಇವತ್ತು ಎಲ್ಲಿದ್ದೀರಿ ಅನ್ನುವುದನ್ನು. ಚುನಾವಣೆಗೆ ನಿಲ್ಲುವ ವಿಷಯ ಬಂದಾಗ ನೋಡುವುದು ನಿಮ್ಮ ಮೇಲೆ ಏನು ತೀರ್ಪಾಗಿದೆ ಅನ್ನುವುದನ್ನು. ಎರಡೂ ಬೇರೆ ಬೇರೆ ಬಾಗಿಲು. ಒಂದರ ಕೀಲಿ ಇನ್ನೊಂದಕ್ಕೆ ಆಗುವುದಿಲ್ಲ.

ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದರೆ ವೋಟಿನ ಹಕ್ಕು ಹೋಗಿಯೇಬಿಡುತ್ತಾ?

ಇಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 62(5) ಹೇಳುವುದು ಇಷ್ಟೇ: ಜೈಲಿನಲ್ಲಿ ಇರುವವರು ಅಥವಾ ಪೊಲೀಸ್ ಕಸ್ಟಡಿಯಲ್ಲಿ ಇರುವವರು ವೋಟು ಹಾಕುವಂತಿಲ್ಲ. ಜೈಲಿನಿಂದ ಬಿಡುಗಡೆಯಾಗಿ ಮನೆಗೆ ಬಂದರೆ ಮುಗೀತು, ಮುಂದಿನ ಚುನಾವಣೆಯಲ್ಲಿ ಬೆರಳಿಗೆ ಶಾಯಿ ಹಾಕಿಸಿಕೊಳ್ಳಬಹುದು. ಹತ್ತು ವರ್ಷ ಶಿಕ್ಷೆ ಮುಗಿಸಿ ಬಂದವರಿಗೂ ಇದೇ ನಿಯಮ. ಅಪೀಲು ಹಾಕಿ ಜಾಮೀನಿನ ಮೇಲೆ ಹೊರಗಿರುವವರೂ ವೋಟು ಹಾಕಬಹುದು.

ಒಂದು ಅಪವಾದ ಇದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ವೋಟಿಗೆ ದುಡ್ಡು ಕೊಟ್ಟದ್ದು ಅಥವಾ ತಗೊಂಡದ್ದು, ಬೇರೆಯವರ ಹೆಸರಿನಲ್ಲಿ ವೋಟು ಹಾಕಿದ್ದು, ಮತದಾರರನ್ನು ಹೆದರಿಸಿದ್ದು, ಇಂಥ ಚುನಾವಣಾ ಅಪರಾಧದಲ್ಲಿ ಶಿಕ್ಷೆಯಾದರೆ ಸೆಕ್ಷನ್ 11ಎ ಪ್ರಕಾರ ತೀರ್ಪಿನ ದಿನದಿಂದ 6 ವರ್ಷ ವೋಟಿನ ಹಕ್ಕೇ ಇರುವುದಿಲ್ಲ. ಮನೆಯಲ್ಲಿ ಕೂತಿದ್ದರೂ ಇಲ್ಲ. ಕೊಲೆ ಕೇಸಿನಲ್ಲಿ ಶಿಕ್ಷೆ ಮುಗಿಸಿ ಬಂದವನಿಗೆ ವೋಟಿದೆ, ನಕಲಿ ವೋಟು ಹಾಕಿ ಸಿಕ್ಕಿಬಿದ್ದವನಿಗೆ ಇಲ್ಲ. ವಿಚಿತ್ರ ಅನ್ನಿಸಬಹುದು, ಆದರೆ ನನಗೆ ಇದು ಸರಿಯಾಗಿಯೇ ಕಾಣುತ್ತದೆ: ಆಟ ಕೆಡಿಸಿದವನನ್ನು ಆಟದಿಂದ ಹೊರಗಿಡುವುದು.

ಇನ್ನೂ ತೀರ್ಪೇ ಆಗಿಲ್ಲ, ಸುಮ್ನೆ ವಿಚಾರಣೆಗೆ ಅಂತ ಜೈಲಿನಲ್ಲಿದ್ದಾರೆ. ಅವರಿಗಾದರೂ ವೋಟು ಇರಬೇಕಲ್ವಾ?

ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಕಾನೂನು ಇಲ್ಲ ಅನ್ನುತ್ತದೆ. ಸೆಕ್ಷನ್ 62(5)ರಲ್ಲಿ ಶಿಕ್ಷೆಯಿಂದಲೋ 'ಬೇರೆ ಕಾರಣದಿಂದಲೋ' ಜೈಲಿನಲ್ಲಿ ಇರುವವರು ಅನ್ನುವ ಅರ್ಥದ ಮಾತಿದೆ. ಆ 'ಬೇರೆ ಕಾರಣ' ಅನ್ನುವುದರೊಳಗೆ ವಿಚಾರಣಾಧೀನ ಕೈದಿಗಳೆಲ್ಲ ಬಂದುಬಿಡುತ್ತಾರೆ. 1997ರಲ್ಲಿ ಅನುಕೂಲ್ ಚಂದ್ರ ಪ್ರಧಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿ ಹಿಡಿಯಿತು. ಅಷ್ಟೊಂದು ಪೊಲೀಸರು, ಭದ್ರತೆ, ವ್ಯವಸ್ಥೆ ಎಲ್ಲಿಂದ ತರುವುದು ಅನ್ನುವುದು ಒಂದು ಕಾರಣ. ತನ್ನ ನಡತೆಯಿಂದ ಜೈಲು ಸೇರಿದವನು ಹೊರಗಿನವರ ಸಮಾನ ಹಕ್ಕು ಕೇಳುವಂತಿಲ್ಲ ಅನ್ನುವುದು ಇನ್ನೊಂದು.

ಎರಡನೇ ಕಾರಣ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು, ಅವರಲ್ಲಿ 4.34 ಲಕ್ಷ ವಿಚಾರಣಾಧೀನರು. ಅಂದರೆ ನಾಲ್ಕರಲ್ಲಿ ಮೂರು ಜನರ ಮೇಲೆ ಇನ್ನೂ ಏನೂ ಸಾಬೀತಾಗಿಲ್ಲ. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿಯುವವರು ಇದ್ದಾರೆ. ಅದೇ ಥರದ ಕೇಸಿನಲ್ಲಿ ದುಡ್ಡಿದ್ದವನು ಹೊರಗೆ ಬಂದು ವೋಟು ಹಾಕುತ್ತಾನೆ.

ಜೈಲಿನಲ್ಲಿರುವ ಯಾರಿಗೂ ವೋಟು ಇಲ್ಲವೇ ಇಲ್ಲವಾ?

ಒಂದು ವರ್ಗಕ್ಕೆ ಇದೆ. ಎನ್‌ಎಸ್‌ಎ ಅಂದರೆ ರಾಷ್ಟ್ರೀಯ ಭದ್ರತಾ ಕಾಯ್ದೆ, ಗೂಂಡಾ ಕಾಯ್ದೆ ಥರದ ಕಾನೂನಿನಲ್ಲಿ ಮುಂಜಾಗ್ರತೆಗೆ ಅಂತ ಬಂಧಿಸಿ ಇಟ್ಟವರು ಅಂಚೆ ಮತಪತ್ರದ ಮೂಲಕ ವೋಟು ಹಾಕಬಹುದು. ಯಾಕೆಂದರೆ ಅವರು ಯಾವ ಅಪರಾಧದ ವಿಚಾರಣೆಯಲ್ಲೂ ಒಳಗಿಲ್ಲ, ಮುಂದೆ ಏನಾದರೂ ಮಾಡಿಯಾರು ಅನ್ನುವ ಅನುಮಾನಕ್ಕೆ ಒಳಗಿದ್ದಾರೆ.

ಜೈಲಿಗೆ ಹೋದರೆ ಮತದಾರರ ಪಟ್ಟಿಯಿಂದ ಹೆಸರು ತೆಗೆದುಬಿಡುತ್ತಾರಾ?

ತೆಗೆಯುವಂತಿಲ್ಲ. ಜೈಲಿನಲ್ಲಿದ್ದಾಗ ವೋಟು ಹಾಕುವುದಕ್ಕೆ ಮಾತ್ರ ತಡೆ, ಮತದಾರ ಅನ್ನುವ ಪಟ್ಟ ಹೋಗುವುದಿಲ್ಲ ಅಂತ 2013ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಜೈಲನ್ನು ನಿಮ್ಮ ವಾಸದ ಜಾಗ ಅಂತಲೂ ಲೆಕ್ಕ ಹಾಕುವುದಿಲ್ಲ, ಹಾಗಾಗಿ ಹೆಸರು ಮನೆ ವಿಳಾಸದಲ್ಲೇ ಇರುತ್ತದೆ. ತೊಂದರೆ ಬರುವುದು ಬೇರೆ ಕಡೆಯಿಂದ. ಪಟ್ಟಿ ಪರಿಷ್ಕರಣೆಗೆ ಮನೆಗೆ ಬಂದಾಗ 'ಅವರು ಇಲ್ಲಿಲ್ಲ' ಅಂತ ಮನೆಯವರೋ ಪಕ್ಕದವರೋ ಹೇಳಿದರೆ, ಸ್ಥಳಾಂತರ ಅಂತ ಬರೆದುಕೊಂಡು ಹೋಗುತ್ತಾರೆ. ಬಿಡುಗಡೆಯಾದವರು ಮೊದಲು ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ. ಇಲ್ಲದಿದ್ದರೆ ಫಾರಂ 6 ತುಂಬಿ. ಅದರಲ್ಲಿ ಕೇಸಿನ ಬಗ್ಗೆ, ಶಿಕ್ಷೆಯ ಬಗ್ಗೆ ಏನೂ ಕೇಳುವುದಿಲ್ಲ. ನೀವಾಗಿ ಬರೆಯಲು ಹೋಗಬೇಡಿ.

ರೌಡಿ ಶೀಟ್ ಇದ್ದರೆ?

ರೌಡಿ ಶೀಟ್ ಅನ್ನುವುದು ಠಾಣೆಯ ಕಡತ, ಕೋರ್ಟಿನ ತೀರ್ಪಲ್ಲ. ವೋಟೂ ಹಾಕಬಹುದು, ನಿಲ್ಲಲೂಬಹುದು. ಗಡಿಪಾರಾದವರಿಗೂ ವೋಟು ಹೋಗುವುದಿಲ್ಲ, ಆದರೆ ಊರಿಗೆ ಕಾಲಿಡಲು ಮೊದಲೇ ಅನುಮತಿ ಪಡೆಯಬೇಕು.

ಸರಿ, ಈಗ ಚುನಾವಣೆಗೆ ನಿಲ್ಲುವ ವಿಷಯ. ಎಷ್ಟು ಶಿಕ್ಷೆಯಾದರೆ ಅನರ್ಹ?

ಸಾಮಾನ್ಯ ಲೆಕ್ಕ 2 ವರ್ಷ. ಯಾವುದೇ ಅಪರಾಧವಿರಲಿ, 2 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆಯಾದರೆ ತೀರ್ಪಿನ ದಿನದಿಂದಲೇ ಅನರ್ಹತೆ ಶುರು. ಶಿಕ್ಷೆ ಮುಗಿದು ಹೊರಗೆ ಬಂದ ಮೇಲೆ ಇನ್ನೂ 6 ವರ್ಷ ಅದು ಮುಂದುವರಿಯುತ್ತದೆ. ಇದು ಸೆಕ್ಷನ್ 8(3).

ಇದಕ್ಕಿಂತ ಬಿಗಿಯಾದದ್ದು 8(1). ಅದರಲ್ಲಿ ಒಂದು ಪಟ್ಟಿ ಇದೆ: ಭ್ರಷ್ಟಾಚಾರ ತಡೆ ಕಾಯ್ದೆ, ಮಾದಕ ವಸ್ತು ಕಾಯ್ದೆ, ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ), ಅತ್ಯಾಚಾರ, ಹೆಂಡತಿಗೆ ಕಿರುಕುಳ, ಅಸ್ಪೃಶ್ಯತೆ ಆಚರಣೆ, ಕೋಮು ದ್ವೇಷ ಹರಡುವುದು, ವೋಟಿಗೆ ಲಂಚ, ರಾಷ್ಟ್ರಧ್ವಜಕ್ಕೆ ಅವಮಾನ, ಇನ್ನೂ ಕೆಲವು. ಇವುಗಳಲ್ಲಿ ಎಷ್ಟು ಶಿಕ್ಷೆ ಅನ್ನುವುದು ಲೆಕ್ಕಕ್ಕೇ ಇಲ್ಲ. ಬರೀ ದಂಡ ಹಾಕಿದರೂ 6 ವರ್ಷ ಅನರ್ಹ. ಜೈಲಾದರೆ ಬಿಡುಗಡೆ ನಂತರ 6 ವರ್ಷ. ನಡುವೆ 8(2) ಇದೆ: ಆಹಾರ, ಔಷಧ ಕಲಬೆರಕೆ, ಕಾಳದಾಸ್ತಾನು, ವರದಕ್ಷಿಣೆ ಕಾಯ್ದೆ. ಇವಕ್ಕೆ 6 ತಿಂಗಳ ಶಿಕ್ಷೆಯೇ ಸಾಕು.

ಕೊಲೆ 8(1)ರ ಪಟ್ಟಿಯಲ್ಲಿ ಇಲ್ಲ ಅಂತ ಕೆಲವರು ಗಾಬರಿಯಾಗುತ್ತಾರೆ. ಕೊಲೆಗೆ ಕನಿಷ್ಠ ಶಿಕ್ಷೆಯೇ ಜೀವಾವಧಿ, ಹಾಗಾಗಿ ಅದು ತಾನಾಗಿಯೇ 8(3)ಕ್ಕೆ ಬೀಳುತ್ತದೆ.

2 ವರ್ಷ ಅಂದರೆ ಪೂರ್ತಿ 2 ವರ್ಷವೇ? ಒಂದು ದಿನ ಕಡಿಮೆ ಇದ್ದರೆ?

ಒಂದು ದಿನ ಕಡಿಮೆ ಇದ್ದರೆ ಬಚಾವ್. ತಮಾಷೆಯಲ್ಲ. ರಾಹುಲ್ ಗಾಂಧಿ 2019ರ ಏಪ್ರಿಲ್‌ನಲ್ಲಿ ನಮ್ಮ ಕೋಲಾರದಲ್ಲಿ ಮಾಡಿದ ಭಾಷಣದ ಮೇಲೆ ಸೂರತ್ ಕೋರ್ಟಿನಲ್ಲಿ ಮಾನನಷ್ಟ ಕೇಸು ನಡೆಯಿತು. 2023ರ ಮಾರ್ಚ್ 23ರಂದು ಸರಿಯಾಗಿ 2 ವರ್ಷ ಶಿಕ್ಷೆಯಾಯಿತು, ಅದೇ ಆ ಅಪರಾಧಕ್ಕಿದ್ದ ಗರಿಷ್ಠ ಶಿಕ್ಷೆ. ಮಾರನೇ ದಿನ ಲೋಕಸಭೆ ಸಚಿವಾಲಯ ಅನರ್ಹತೆಯ ಅಧಿಸೂಚನೆ ಹೊರಡಿಸಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಆ ದೋಷನಿರ್ಣಯಕ್ಕೆ ತಡೆ ಕೊಟ್ಟಿತು. ಗರಿಷ್ಠ ಶಿಕ್ಷೆ ಯಾಕೆ ಕೊಟ್ಟರು ಅಂತ ಕೆಳಗಿನ ನ್ಯಾಯಾಧೀಶರು ಕಾರಣವನ್ನೇ ಬರೆದಿಲ್ಲ, ಒಂದು ದಿನ ಕಡಿಮೆ ಇದ್ದಿದ್ದರೂ ಈ ಅನರ್ಹತೆ ತಟ್ಟುತ್ತಿರಲಿಲ್ಲ ಅಂತ ಕೋರ್ಟೇ ಹೇಳಿತು. ಆಗಸ್ಟ್ 7ಕ್ಕೆ ಸದಸ್ಯತ್ವ ವಾಪಸ್ ಬಂತು.

ಇನ್ನೊಂದು ತುದಿಯಲ್ಲಿ ನವಜೋತ್ ಸಿಧು. 2022ರಲ್ಲಿ ಹಳೇ ರಸ್ತೆ ಜಗಳದ ಕೇಸಿನಲ್ಲಿ 1 ವರ್ಷ ಶಿಕ್ಷೆಯಾಗಿ ಪಟಿಯಾಲ ಜೈಲಿಗೆ ಹೋದರು. ಒಬ್ಬರು ಸತ್ತಿದ್ದ ಕೇಸು ಅದು. ಶಿಕ್ಷೆ 2 ವರ್ಷದ ಗೆರೆ ದಾಟದ ಕಾರಣ 8(3) ಅವರಿಗೆ ತಟ್ಟಲಿಲ್ಲ.

ಚೆಕ್ ಬೌನ್ಸ್ ಕೇಸಿನವರು ಈ ಪ್ರಶ್ನೆಯನ್ನು ತುಂಬಾ ಕೇಳುತ್ತಾರೆ. ಅದರಲ್ಲೂ ಗರಿಷ್ಠ 2 ವರ್ಷವೇ. ದಂಡವೋ ಕೆಲವು ತಿಂಗಳ ಶಿಕ್ಷೆಯೋ ಆದರೆ ಚಿಂತೆಯಿಲ್ಲ.

ಎರಡು ಮೂರು ಸೆಕ್ಷನ್‌ಗೆ ಬೇರೆ ಬೇರೆ ಶಿಕ್ಷೆ ಕೊಟ್ಟಿದ್ದರೆ ಕೂಡಿಸಬೇಕಾ?

ಒಂದಾದ ಮೇಲೆ ಒಂದು ಅನುಭವಿಸಬೇಕು ಅಂತ ಆದೇಶವಿದ್ದರೆ ಕೂಡಿಸಬೇಕು. ಕೇರಳದ ಪಿ. ಜಯರಾಜನ್ ಪ್ರಕರಣದಲ್ಲಿ ಹೀಗೇ ಆಯಿತು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ 2 ವರ್ಷ ಮುಟ್ಟುತ್ತಿರಲಿಲ್ಲ, ಒಟ್ಟು 2 ವರ್ಷ 5 ತಿಂಗಳಾಗುತ್ತಿತ್ತು. 2005ರಲ್ಲಿ ಸುಪ್ರೀಂ ಕೋರ್ಟ್ ಒಟ್ಟು ಲೆಕ್ಕವೇ ಸರಿ ಅಂದಿತು. ಎಲ್ಲ ಶಿಕ್ಷೆಗಳೂ ಒಟ್ಟಿಗೇ ನಡೆಯಲಿ ಅಂತ ಬರೆದಿದ್ದರೆ ಕೂಡಿಸುವ ಪ್ರಶ್ನೆ ಬರುವುದಿಲ್ಲ. ತೀರ್ಪಿನ ಕೊನೇ ಪುಟದ ಒಂದು ಸಾಲಿನ ಮೇಲೆ ರಾಜಕೀಯ ಭವಿಷ್ಯ ನಿಂತಿರುತ್ತದೆ, ಓದಿಸಿಕೊಳ್ಳಿ.

6 ವರ್ಷ ಯಾವತ್ತಿನಿಂದ ಎಣಿಸಬೇಕು?

ಬಿಡುಗಡೆಯಾದ ದಿನದಿಂದ. ಜಯಲಲಿತಾ ಅವರ ಆಪ್ತೆ ಶಶಿಕಲಾ ಅವರ ಲೆಕ್ಕ ನೋಡಿ. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 4 ವರ್ಷದ ಶಿಕ್ಷೆ ಕಾಯಂ ಮಾಡಿತು, ಪರಪ್ಪನ ಅಗ್ರಹಾರದಲ್ಲಿದ್ದರು, 2021ರ ಜನವರಿ 27ಕ್ಕೆ ಬಿಡುಗಡೆ. ಅಲ್ಲಿಂದ 6 ವರ್ಷ ಅಂದರೆ 2027ರ ಜನವರಿ. ಜೈಲಿನ ವರ್ಷಗಳು ಬೇರೆ, ಈ 6 ಬೇರೆ.

ಸನ್ನಡತೆಗೆ ಅಂತ ಶಿಕ್ಷೆಯಲ್ಲಿ ರಿಯಾಯಿತಿ ಸಿಕ್ಕರೂ ಅನರ್ಹತೆ ತಪ್ಪುವುದಿಲ್ಲ. ಕೋರ್ಟು ಕೊಟ್ಟದ್ದು ಎಷ್ಟು ಅನ್ನುವುದೇ ಮುಖ್ಯ, ಅನುಭವಿಸಿದ್ದು ಎಷ್ಟು ಅನ್ನುವುದಲ್ಲ. ಬೇಗ ಬಿಟ್ಟರೆ 6 ವರ್ಷದ ಗಡಿಯಾರ ಬೇಗ ಶುರುವಾಗುತ್ತದೆ, ಅಷ್ಟೇ ಲಾಭ.

ಅಪೀಲು ಹಾಕಿ ಬೇಲ್ ತಗೊಂಡಿದ್ದೇನೆ. ನಿಲ್ಲಬಹುದಾ?

ಬೇಲ್ ಒಂದೇ ಸಾಲದು. ಇಲ್ಲಿ ಬಹಳ ಜನ ಎಡವುತ್ತಾರೆ. ಬೇಲ್ ಸಿಕ್ಕಿತು, ಶಿಕ್ಷೆ ಅಮಾನತಾಯಿತು ಅಂದರೆ ನೀವು ಜೈಲಿಗೆ ಹೋಗುವುದು ಮಾತ್ರ ತಪ್ಪಿತು. ನೀವು ದೋಷಿ ಅನ್ನುವ ತೀರ್ಪು ಹಾಗೇ ನಿಂತಿರುತ್ತದೆ. ನಿಲ್ಲಬೇಕಾದರೆ ಆ ದೋಷನಿರ್ಣಯಕ್ಕೇ ತಡೆಯಾಜ್ಞೆ ಬೇಕು, ಅದೂ ನಾಮಪತ್ರ ಪರಿಶೀಲನೆಯ ದಿನ ಕೈಯಲ್ಲಿರಬೇಕು. ವಿಜಯಪುರದ ಇಂಡಿ ಕ್ಷೇತ್ರದಿಂದ 2004ರಲ್ಲಿ ಗೆದ್ದ ರವಿಕಾಂತ ಪಾಟೀಲರ ಪ್ರಕರಣ ಇದಕ್ಕೆ ಇವತ್ತಿಗೂ ಆಧಾರ. ಬಾಂಬೆ ಹೈಕೋರ್ಟ್ ಅವರ ದೋಷನಿರ್ಣಯಕ್ಕೆ ಮೊದಲೇ ತಡೆ ಕೊಟ್ಟಿತ್ತು, ಹಾಗಾಗಿ ಅವರು ಅನರ್ಹರಾಗಿರಲಿಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಗೆದ್ದ ಮೇಲೆ ಅಪೀಲಿನಲ್ಲಿ ಖುಲಾಸೆಯಾದರೂ ಹಳೇ ನಾಮಪತ್ರ ಸಿಂಧುವಾಗುವುದಿಲ್ಲ. ಇದೂ ಜಯರಾಜನ್ ತೀರ್ಪಿನಲ್ಲೇ ಇದೆ. ಪರಿಶೀಲನೆಯ ದಿನ ನೀವೇನಾಗಿದ್ದಿರಿ ಅನ್ನುವುದೇ ಲೆಕ್ಕ.

ಈಗಾಗಲೇ ಶಾಸಕ, ಸಂಸದ ಆಗಿರುವವರಿಗೆ ಶಿಕ್ಷೆಯಾದರೆ?

ಮೊದಲು ಅವರಿಗೊಂದು ಛತ್ರಿ ಇತ್ತು. 3 ತಿಂಗಳೊಳಗೆ ಅಪೀಲು ಹಾಕಿದರೆ ಅಪೀಲು ಮುಗಿಯುವ ತನಕ ಕುರ್ಚಿ ಭದ್ರ. ನಮ್ಮಲ್ಲಿ ಅಪೀಲು ಮುಗಿಯುವ ಹೊತ್ತಿಗೆ ಎರಡು ಅವಧಿ ಮುಗಿದಿರುತ್ತದೆ, ಗೊತ್ತಲ್ಲ. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ 8(4)ನ್ನು ಕಿತ್ತುಹಾಕಿತು. ಸರ್ಕಾರ ಅದನ್ನು ವಾಪಸ್ ತರಲು ಸುಗ್ರೀವಾಜ್ಞೆ ತಯಾರಿಸಿತು, ರಾಹುಲ್ ಗಾಂಧಿಯೇ ಅದನ್ನು ಹರಿದೆಸೆಯಬೇಕು ಅಂದರು, ಸರ್ಕಾರ ಹಿಂದೆ ಸರಿಯಿತು. ಹತ್ತು ವರ್ಷದ ನಂತರ ಆ ಛತ್ರಿ ಇಲ್ಲದೆ ನೆನೆದವರಲ್ಲಿ ಅವರೂ ಒಬ್ಬರು. 2013ರಲ್ಲೇ ಸಂಸದರಾಗಿದ್ದ ರಶೀದ್ ಮಸೂದ್, ಲಾಲು ಪ್ರಸಾದ್ ಸದಸ್ಯತ್ವ ಕಳೆದುಕೊಂಡರು.

ನಮ್ಮ ರಾಜ್ಯದ ಹತ್ತಿರದ ಉದಾಹರಣೆ ಗಂಗಾವತಿಯದು. 2025ರ ಮೇ 6ರಂದು ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದ್‌ನ ಸಿಬಿಐ ಕೋರ್ಟ್ ಗಂಗಾವತಿ ಶಾಸಕ ಜನಾರ್ದನ ರೆಡ್ಡಿ ಅವರಿಗೆ 7 ವರ್ಷ ಶಿಕ್ಷೆ ಕೊಟ್ಟಿತು, ತೀರ್ಪಿನ ದಿನದಿಂದಲೇ ಅನ್ವಯವಾಗುವಂತೆ ಅವರು ಅನರ್ಹರಾದರು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆದೇಶ ಬಂದ ಮೇಲೆ ಸದಸ್ಯತ್ವ ಮರಳಿತು.

ಶಾಸಕರಾಗದೆ ನೇರವಾಗಿ ಮುಖ್ಯಮಂತ್ರಿಯೋ ಮಂತ್ರಿಯೋ ಆಗಬಹುದಲ್ಲ, 6 ತಿಂಗಳು ಟೈಮ್ ಇರುತ್ತಲ್ಲ?

ಜಯಲಲಿತಾ 2001ರಲ್ಲಿ ಅದನ್ನೇ ಮಾಡಿದ್ದರು. ಶಿಕ್ಷೆಯಾಗಿದ್ದರಿಂದ ನಾಮಪತ್ರ ತಿರಸ್ಕಾರವಾಗಿತ್ತು, ಪಕ್ಷ ಗೆದ್ದಿತು, ಅವರು ಮುಖ್ಯಮಂತ್ರಿಯಾದರು. ಅನರ್ಹರಿಗೆ ಆ 6 ತಿಂಗಳ ಅವಕಾಶ ಇಲ್ಲ ಅಂತ ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ನೇಮಕವನ್ನೇ ರದ್ದು ಮಾಡಿತು. 2014ರಲ್ಲಿ ಮತ್ತೆ ಬೆಂಗಳೂರಿನ ವಿಶೇಷ ಕೋರ್ಟಿನಲ್ಲಿ ಶಿಕ್ಷೆಯಾಗಿ ಕುರ್ಚಿ ಹೋಯಿತು. ಮಾರನೇ ವರ್ಷ ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿದ ಮೇಲೆ ವಾಪಸ್ ಬಂದರು.

ಬಂಧನವಾದ ಮಾತ್ರಕ್ಕೆ ಮಂತ್ರಿ ಪದವಿ ಹೋಗುವುದಿಲ್ಲ. 2024ರಲ್ಲಿ ಕೇಜ್ರಿವಾಲ್ ಜೈಲಿನಿಂದಲೇ ಮುಖ್ಯಮಂತ್ರಿಯಾಗಿ ಮುಂದುವರಿದರು. ಸತತ 30 ದಿನ ಬಂಧನದಲ್ಲಿದ್ದರೆ ಪದವಿ ಹೋಗಬೇಕು ಅನ್ನುವ 130ನೇ ತಿದ್ದುಪಡಿ ಮಸೂದೆ 2025ರ ಆಗಸ್ಟ್‌ನಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋಯಿತು. ಪಕ್ಷದ ಅಧ್ಯಕ್ಷಗಿರಿಗಂತೂ ಯಾವ ತಡೆಯೂ ಇಲ್ಲ. ತಾನು ನಿಲ್ಲಲಾಗದವರು ಯಾರು ನಿಲ್ಲಬೇಕು ಅಂತ ತೀರ್ಮಾನಿಸಬಹುದು.

ಜೈಲಿನೊಳಗಿಂದ ಚುನಾವಣೆಗೆ ನಿಲ್ಲಲು ಆಗುತ್ತಾ?

ಆಗುತ್ತದೆ, ಶಿಕ್ಷೆಯಿಂದ ಅನರ್ಹರಾಗಿರದಿದ್ದರೆ. ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಮುಜಫ್ಫರ್‌ಪುರ ಗೆದ್ದರು. 2024ರಲ್ಲಿ ಎಂಜಿನಿಯರ್ ರಶೀದ್ ತಿಹಾರ್‌ನಿಂದ ನಿಂತು ಬಾರಾಮುಲ್ಲಾದಲ್ಲಿ ಒಮರ್ ಅಬ್ದುಲ್ಲಾರನ್ನು 2 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ವಿಚಾರಣಾಧೀನ ಕೈದಿಯಾದ್ದರಿಂದ ಕಾನೂನಿನ ಪ್ರಕಾರ ಅವರಿಗೆ ವೋಟು ಹಾಕುವ ಹಕ್ಕು ಮಾತ್ರ ಇರಲಿಲ್ಲ. ನಾಮಪತ್ರವನ್ನು ಸೂಚಕರು ತಂದು ಕೊಡಬಹುದು, ಪ್ರಮಾಣವಚನವನ್ನು ಜೈಲು ಸೂಪರಿಂಟೆಂಡೆಂಟ್ ಮುಂದೆ ಮಾಡಬಹುದು.

2013ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೂ ತಡೆ ಹಾಕಿತ್ತು: ವೋಟು ಹಾಕಲಾಗದವನು ನಿಲ್ಲುವುದು ಹೇಗೆ ಅಂತ. ಸಂಸತ್ತು ಅದೇ ವರ್ಷ ಕಾನೂನು ತಿದ್ದಿ ಅದನ್ನು ಅಳಿಸಿಹಾಕಿತು. ಜೈಲಿನವರು ನಿಲ್ಲುವ ಹಕ್ಕಿಗೆ ಸಂಸತ್ತು ತೋರಿದ ಆ ಅವಸರ, ಜೈಲಿನವರು ವೋಟು ಹಾಕುವ ಹಕ್ಕಿಗೆ ಯಾವತ್ತೂ ಕಾಣಲಿಲ್ಲ.

ಅನರ್ಹತೆ ಕಡಿಮೆ ಮಾಡಿಸಿಕೊಳ್ಳಲು ದಾರಿ ಇದೆಯಾ?

ಸೆಕ್ಷನ್ 11ರಲ್ಲಿ ಚುನಾವಣಾ ಆಯೋಗಕ್ಕೆ ಆ ಅಧಿಕಾರ ಇದೆ. ಸಿಕ್ಕಿಂ ಮುಖ್ಯಮಂತ್ರಿ ಪ್ರೇಮ್ ಸಿಂಗ್ ತಮಾಂಗ್ ಭ್ರಷ್ಟಾಚಾರ ಕೇಸಿನಲ್ಲಿ 1 ವರ್ಷ ಜೈಲು ಮುಗಿಸಿ 2018ರಲ್ಲಿ ಹೊರಬಂದಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಆಯೋಗ ಅವರ 6 ವರ್ಷದ ಅನರ್ಹತೆಯನ್ನು 1 ವರ್ಷ 1 ತಿಂಗಳಿಗೆ ಇಳಿಸಿತು. ಅಷ್ಟು ಹೊತ್ತಿಗೆ ಅವರು ಮುಖ್ಯಮಂತ್ರಿಯಾಗಿಯೇ ನಾಲ್ಕು ತಿಂಗಳಾಗಿತ್ತು. ಸಾಮಾನ್ಯರು ಈ ದಾರಿಯನ್ನು ನಂಬಿ ಕೂರುವುದು ಬೇಡ.

ಅಫಿಡವಿಟ್‌ನಲ್ಲಿ ಹಳೇ ಕೇಸು ಬರೆಯದಿದ್ದರೆ ಏನಾಗುತ್ತೆ?

ಬರೆಯಿರಿ. ನಮೂನೆ 26ರಲ್ಲಿ ಬಾಕಿ ಇರುವ ಕೇಸುಗಳಿಗೆ ಒಂದು ಜಾಗ, ಶಿಕ್ಷೆಯಾದ ಕೇಸುಗಳಿಗೆ ಇನ್ನೊಂದು ಜಾಗ ಇದೆ. ಇಲ್ಲದಿದ್ದರೆ 'ಇಲ್ಲ' ಅಂತ ಬರೆಯಬೇಕು. ಖಾಲಿ ಬಿಟ್ಟು, ತುಂಬಿ ಕೊಡಿ ಅಂದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕಾರವಾಗಬಹುದು. ಸುಳ್ಳು ಬರೆದರೆ 6 ತಿಂಗಳ ತನಕ ಜೈಲು. ಕೇಸಿದ್ದವರು ಅದನ್ನು ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆ, ಟಿವಿಯಲ್ಲಿ ಪ್ರಕಟಿಸಲೂ ಬೇಕು.

ಪಂಚಾಯಿತಿ, ನಗರಸಭೆಗೂ ಇದೇ ನಿಯಮವಾ?

ವಿಧಾನಸಭೆಗೆ ಅನರ್ಹರಾದವರು ಪಂಚಾಯಿತಿ, ನಗರಸಭೆಗೂ ಅನರ್ಹರು, ಸಂವಿಧಾನವೇ ಹಾಗೆ ಹೇಳುತ್ತದೆ. ಅದರ ಮೇಲೆ ರಾಜ್ಯದ ಕಾಯ್ದೆಗಳು ತಮ್ಮದೇ ಷರತ್ತು ಸೇರಿಸಬಹುದು. ಹಾಗಾಗಿ 2 ವರ್ಷಕ್ಕಿಂತ ಕಡಿಮೆ ಶಿಕ್ಷೆ ಅಂತ ನಿರಾಳವಾಗಿ ಹೋಗಬೇಡಿ, ಪಂಚಾಯತ್ ರಾಜ್ ಕಾಯ್ದೆಯನ್ನೂ ಒಮ್ಮೆ ನೋಡಿ.

ಅಮೆರಿಕದಲ್ಲಿ ಶಿಕ್ಷೆಯಾದವರೂ ಅಧ್ಯಕ್ಷರಾಗಬಹುದಂತೆ?

ಹೌದು. ಅಲ್ಲಿ ನಮ್ಮದಕ್ಕೆ ಹೆಚ್ಚುಕಮ್ಮಿ ಉಲ್ಟಾ. ಟ್ರಂಪ್ 2024ರ ಮೇನಲ್ಲಿ 34 ಆರೋಪಗಳಲ್ಲಿ ದೋಷಿಯಾದರು, ನವೆಂಬರ್‌ನಲ್ಲಿ ಗೆದ್ದರು. ಅಧ್ಯಕ್ಷರಾಗಲು ಅಪರಾಧ ಅಡ್ಡಿ ಅಂತ ಅಲ್ಲಿನ ಸಂವಿಧಾನದಲ್ಲಿ ಇಲ್ಲ. ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ 1920ರಲ್ಲಿ ಅಟ್ಲಾಂಟಾ ಜೈಲಿನಿಂದಲೇ ನಿಂತು 9 ಲಕ್ಷದಷ್ಟು ವೋಟು ಪಡೆದಿದ್ದರು. ಆದರೆ ಸಾಮಾನ್ಯ ಮನುಷ್ಯನ ವೋಟಿನ ಹಕ್ಕು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೇನ್, ವರ್ಮಾಂಟ್‌ನಲ್ಲಿ ಜೈಲಿನೊಳಗಿಂದಲೂ ವೋಟು ಹಾಕಬಹುದು. ಫ್ಲಾರಿಡಾದಲ್ಲಿ 2018ರಲ್ಲಿ ಜನರೇ ವೋಟು ಹಾಕಿ ಶಿಕ್ಷೆ ಮುಗಿಸಿದ ಹೆಚ್ಚಿನವರಿಗೆ ಹಕ್ಕು ವಾಪಸ್ ಕೊಡಿಸಿದರು. ಮಾರನೇ ವರ್ಷ ಅಲ್ಲಿನ ಶಾಸನಸಭೆ, ದಂಡ ಮತ್ತು ಕೋರ್ಟಿನ ಬಾಕಿ ಕಟ್ಟಿದ ಮೇಲೆ ಮಾತ್ರ ಅಂತ ಷರತ್ತು ಹಾಕಿತು.

ಬೇಲ್ ಮೇಲಿದ್ದೇನೆ. ಬೂತ್‌ನಲ್ಲಿ ಯಾರಾದರೂ ತಕರಾರು ತೆಗೆದರೆ?

ಮತಗಟ್ಟೆ ಡ್ಯೂಟಿಯಲ್ಲಿದ್ದಾಗ ಒಮ್ಮೆ ನಾನೇ ನೋಡಿದ್ದೇನೆ. ನಡುವಯಸ್ಸಿನವರೊಬ್ಬರು ಬಂದರು. ಅಂಗಿ ಜೇಬಿನಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕು ಮಡಿಕೆ ಹಾಕಿದ ಜಾಮೀನು ಆದೇಶದ ಜೆರಾಕ್ಸ್, ಮಡಿಕೆಯ ಜಾಗದಲ್ಲಿ ಅಕ್ಷರವೇ ಸವೆದುಹೋಗಿತ್ತು. ಯಾರೂ ಕೇಳುವ ಮೊದಲೇ ಅದನ್ನು ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಒಬ್ಬ ಏಜೆಂಟ್ ಎದ್ದು ನಿಂತು, "ಸಾರ್, ಇವ್ನು ಜೈಲಿಗೆ ಹೋಗಿ ಬಂದವ್ನು, ಇವ್ನಿಗೆಲ್ಲಿದೆ ವೋಟು?" ಅಂದ.

ಏಜೆಂಟರು ತಕರಾರು ತೆಗೆಯಬಹುದು, ಆದರೆ ಅದು ಇವರು ಪಟ್ಟಿಯಲ್ಲಿರುವ ಅದೇ ವ್ಯಕ್ತಿ ಹೌದೋ ಅಲ್ಲವೋ ಅನ್ನುವುದಕ್ಕೆ ಮಾತ್ರ. ಅದಕ್ಕೂ 2 ರೂಪಾಯಿ ನಗದು ಕಟ್ಟಬೇಕು, ತಕರಾರು ಸುಮ್ಮಸುಮ್ಮನೆ ತೆಗೆದದ್ದು ಅಂತ ಕಂಡರೆ ಆ ದುಡ್ಡು ಮುಟ್ಟುಗೋಲು. ನಮ್ಮ ಪ್ರಿಸೈಡಿಂಗ್ ಆಫೀಸರ್ ಬೈಯಲೂ ಇಲ್ಲ, ಕಾನೂನು ಹೇಳಲೂ ಇಲ್ಲ. ರಸೀದಿ ಪುಸ್ತಕ ತೆಗೆದು, "ಇವರು ಆ ಹೆಸರಿನವರಲ್ಲ ಅಂತೀರಾ? ಹಾಗಾದ್ರೆ ಎರಡು ರೂಪಾಯಿ ಕಟ್ಟಿ" ಅಂದರು. ಏಜೆಂಟ್ ಜೇಬು ಮುಟ್ಟಿ ನೋಡಿಕೊಂಡ, ಆಮೇಲೆ ಕೂತುಬಿಟ್ಟ. ಅವರು ಬೆರಳು ಚಾಚಿದರು. ಶಾಯಿ ಒಣಗುವ ತನಕ ಕೈ ಹಾಗೇ ಹಿಡಿದುಕೊಂಡಿದ್ದರು, ಇನ್ನೊಂದು ಕೈಯಲ್ಲಿ ಆ ಜೆರಾಕ್ಸ್.